ಒಂದು ಹನಿಯೂ ಸೋರದ ಕೂಲರ್

ಯಮನೂರನ ಕೂಲರಿನ ತಳದಿಂದ ಬಿದ್ದ ಹನಿ ಹಲಗೆ ನೆಲದ ಸಂದಿಯಲ್ಲಿ ಇಳಿದು, ಕೆಳಗೆ ಮಗ್ಗದ ಮುಂದೆ ಕೂತಿದ್ದ ಪದ್ಮವ್ವನ ಮೂಗಿನ ಮೇಲೆ ಬಿತ್ತು. ಮೂಗಿನ ಮೇಲೆ ಬಿದ್ದದ್ದೇ ಪುಣ್ಯ. ಒಂದು ಗೇಣು ಆಚೆ ಬಿದ್ದಿದ್ದರೆ ಅರ್ಧ ನೇಯ್ದ ರೇಷ್ಮೆ ಸೆರಗು ಹಾಳಾಗುತ್ತಿತ್ತು.

ಮನೆಯೊಡತಿ ಪದ್ಮವ್ವ ದಡದಡ ಮೆಟ್ಟಿಲು ಹತ್ತಿ ಬಂದಳು. "ಯಮನೂರಾ, ಇನ್ನ ಸೋರಿತಂದ್ರ ಸಂಜಿಗೆ ನೀನು, ನಿನ್ನ ಕೂಲರು ಇಬ್ರೂ ಬೀದ್ಯಾಗ!"

"ಹಂಗನಬ್ಯಾಡ್ರಿ ಅವ್ವಾರ. ಸಂಜಿ ಬಸ್ಸಿಗೆ ಜಯಶ್ರೀ ಕೂಸಿನ್ನ ಕರ್ಕೊಂಡು ಬರ್ತಾಳ್ರಿ."

ಹೆಂಡತಿ ಬಾಣಂತನ ಮುಗಿಸಿ ಬೇವೂರಿನ ತವರಿನಿಂದ ಬರುವವಳಿದ್ದಳು. ಇಳಕಲ್ಲಿನ ಬೇಸಿಗೆಗೆ ಕೂಸಿನ ಮೈಯಲ್ಲಿ ಬೆವರುಸಾಲೆ ಏಳಬಾರದೆಂದು ಯಮನೂರ ಹಳೆಯ ಕೂಲರೊಂದನ್ನು ತಂದು, ತೊಳೆದು, ತಾನೇ ಜೋಡಿಸಿದ್ದ. ಎಲ್ಲ ಸರಿಯಾಗಿತ್ತು. ನೀರು ಖಾಲಿ ಮಾಡಲೆಂದು ತಳಕ್ಕೆ ಕೂಡಿಸಿದ ಕೊಳವೆ ಮಾತ್ರ, ಹಲ್ಲು ಬರುವ ಕೂಸಿನ ಬಾಯಿಯಂತೆ ಜೊಲ್ಲು ಸುರಿಸುತ್ತಿತ್ತು.

ಸುದ್ದಿ ಕೇಳಿ ಎದುರಿನ ಸೈಕಲ್ ಅಂಗಡಿಯ ಮತೀನ ನಟ್ಟು ತಿರುವುವ ಪಾನಾ ಹಿಡಿದು ಓಡಿಬಂದ. "ನಟ್ಟು ಸಡಲ ಐತಿ ದೋಸ್ತ, ಬಿಗಿ ಮಾಡಿದ್ರ ಮುಗೀತು" ಎಂದು ಪಾನಾಕ್ಕೆ ಜೋತುಬಿದ್ದು ತಿರುವಿದ. ಹನಿ ನಿಂತಿತು. ಧಾರೆ ಶುರುವಾಯಿತು.

"ಲೇ, ಈಗ ಜೋರ್ ಬರಾಕತ್ತೇತಲ್ಲೋ!"

"ಬಿಗಿ ಸಾಲವಲ್ದು" ಎಂದು ಮತೀನ ಮತ್ತೊಂದು ಸುತ್ತು ತಿರುವಿದ. ಧಾರೆ ಇನ್ನೂ ದಪ್ಪವಾಯಿತು. ಯಮನೂರ ಕೊಡ ಇಟ್ಟ, ಪಾತೇಲಿ ಇಟ್ಟ, ಕೊನೆಗೆ ಕೂಸಿನ ಸ್ನಾನಕ್ಕೆ ತಂದ ಹೊಸ ಟಬ್ಬನ್ನೂ ಇಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಶಮಶಾದಬಿ ನಾದಿದ ಗೋಧಿಹಿಟ್ಟು ಹಿಡಿದು ಬಂದಳು. "ಗಂಡಸ್ರಿಗೆ ಏನ್ ತಿಳೀತೈತಿ? ಬಿರ್ಯಾನಿ ಪಾತೇಲಿ ಬಾಯಿಗೆ ಹಚ್ಚಿದಂಗ ಸುತ್ತ ಹಚ್ಚಪಾ. ನಮ್ಮನ್ಯಾಗ ಉಗಿ ಸುದ್ದಾ ಹೊರಗ ಬರಂಗಿಲ್ಲ, ನೀರು ಹೆಂಗ ಬರ್ತೈತಿ?"

ಹಚ್ಚಿದರು. ನೀರು ನಿಂತಿತು. ಗೆದ್ದ ಖುಷಿಯಲ್ಲಿ ಮೂವರೂ ಚಹಾ ಕುಡಿದರು. ಚಹಾ ಮುಗಿಯುವಷ್ಟರಲ್ಲಿ ಹಿಟ್ಟು ನೆನೆದು, ಕರಗಿ, ಸಂದಿಯಿಂದ ಕೆಳಗಿಳಿಯಿತು.

"ಯಮನೂರಾ! ಈಗ ಮ್ಯಾಲಿಂದ ಅಂಬಲಿ ಬರಾಕತ್ತೇತಿ!" ಪದ್ಮವ್ವ ಕೆಳಗಿನಿಂದಲೇ ಕೂಗಿದಳು. "ಮಗ್ಗಕ್ಕ ಕೌದಿ ಹೊದಿಸಿ ಕುಂತೇನಿ. ಕೂಸಿನ ಸಲುವಾಗಿ ಸಂಜಿತನಾ ತಡೀತೇನಿ. ಆಮ್ಯಾಲೆ ಕೀಲಿ ಕೊಟ್ಟು ನಡಿ!"

ಸಲಹೆ ಕೊಟ್ಟವರಿಬ್ಬರೂ ಮೆಲ್ಲಗೆ ಜಾರಿಕೊಂಡರು. ಯಮನೂರ ನೀರನ್ನೆಲ್ಲ ಚೆಲ್ಲಿ, ಒಬ್ಬನೇ ಕೂತು ನಟ್ಟು ಬಿಚ್ಚಿದ. ಒಳಗಿನ ರಬ್ಬರ್ ಬಳೆ ಅತಿ ಬಿಗಿಗೆ ಹಿಚುಕಿಹೋಗಿ, ಸೊಟ್ಟಗಾಗಿ ಅಂಚಿನಿಂದಾಚೆ ಬಂದಿತ್ತು. ಅದರಡಿ ಒಂದು ಮರಳಿನ ಹರಳು. ನೀರಿಗೆ ಅಷ್ಟೇ ದಾರಿ ಸಾಕಾಗಿತ್ತು. ಅವನು ತೂತಿನ ಸುತ್ತ ಒರೆಸಿ, ಸೈಕಲ್ ಟ್ಯೂಬಿನ ತುಂಡಿನಿಂದ ಹೊಸ ಬಳೆ ಕತ್ತರಿಸಿ, ಸಮನಾಗಿ ಕೂಡಿಸಿ, ಪಾನಾ ಮುಟ್ಟದೆ ಕೈಯಿಂದಲೇ ಬಿಗಿದ. ಮತ್ತೆ ನೀರು ತುಂಬಿ, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡಿದ. ಒಂದು ಹನಿಯೂ ಇಲ್ಲ!

ಸಂಜೆ ಜಯಶ್ರೀ, ಐದು ತಿಂಗಳ ಕೂಸು, ಜೊತೆಗೆ ಯಮನೂರನ ಅತ್ತೆ ಮರೆವ್ವ ಬಂದರು. ಪದ್ಮವ್ವ ಮೇಲೆ ಬಂದು, ಕೂಲರಿನ ತಳಕ್ಕೆ ಕೈಯಾಡಿಸಿ, "ಭೇಷ್! ಮನಿ ಬಿಡೂದು ಬ್ಯಾಡ" ಎಂದಳು. ಯಮನೂರ ಹಿಗ್ಗಿನಿಂದ ಗುಂಡಿ ಒತ್ತಿದ. ತಂಪು ಗಾಳಿ ಬೀಸಿತು. ಕೂಸು ಒಂದೇ ಒಂದು ಸಲ ಸೀನಿತು.

"ಅಯ್ಯಯ್ಯ, ಬಂದ್ ಮಾಡ್ರಿ ಅಳಿಯಂದ್ರ!" ಅತ್ತೆ ಕೂಸಿನ ಕಿವಿ ಮುಚ್ಚಿ ಕುಂಚಿಗೆ ಕಟ್ಟಿದಳು. "ಹಸಿ ಬಾಣಂತಿ, ಎಳೀ ಕೂಸು, ಕೂಲರ್ ಗಾಳಿ ಹಚ್ಚೂದ? ನಾ ಇರೂತನಾ ಇದು ತಿರುಗಂಗಿಲ್ಲ."

"ನೀವು... ಎಷ್ಟ ದಿನ ಇರ್ತೀರಿ ಅತ್ತಿ?"

"ಬ್ಯಾಸಗಿ ಮುಗಿಯೂತನಾ."

ಜಯಶ್ರೀ ಸೆರಗಿನಲ್ಲಿ ನಗು ಅಡಗಿಸಿದಳು. ಪದ್ಮವ್ವ ಆಗಲೇ ಕೂಲರಿನ ಒಂದು ಬದಿ ಹಿಡಿದಿದ್ದಳು. "ಹಂಗಾದ್ರ ಇಲ್ಲಿ ಸುಮ್ನ ಯಾಕ? ಮಗ್ಗದ ಖೋಲ್ಯಾಗ ಭಾಳ ಸೆಕಿ ಐತಿ. ಹಿಡಿ ಆ ಕಡಿ. ಈಗಂತೂ ಸೋರಂಗಿಲ್ಲಲ್ಲ!"

ಹಿಂದಿನಿಂದ ಕೂಸು ಕೇಕೆ ಹಾಕಿ ನಕ್ಕಿತು. ಆ ನಗು ಕೇಳುತ್ತಲೇ ಯಮನೂರ ಕೂಲರನ್ನು ಮೆಟ್ಟಿಲಿಳಿಸಿದ. ಅದರಿಂದ ಒಂದು ಹನಿಯೂ ಬೀಳಲಿಲ್ಲ. ಸೋರುತ್ತಿದ್ದವನು ಯಮನೂರನೇ, ಹಣೆಯಿಂದ ಹಿಮ್ಮಡಿಯವರೆಗೆ.