ಗಾಳಿಯ ತೂಕವೂ ಮೆತ್ತಗಾದ ಚಕ್ಕುಲಿಯೂ

ವಾಗೀಶನಿಗಿದ್ದ ಒಂದೇ ಆಸ್ತಿ ಭಾನುವಾರದ ನಿದ್ದೆ. ಹೂಟಗಳ್ಳಿಯ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ವಾರವಿಡೀ ದುಡಿದು, ರಜೆಯ ದಿನ ಅವನು ಒದ್ದೆ ಗೋಣಿಚೀಲದಂತೆ ಬಿದ್ದಿರುತ್ತಿದ್ದ. ಆ ಭಾನುವಾರ ಮಾತ್ರ ಸೋದರತ್ತೆ ಅಂಬುಜಮ್ಮ ಬೆಳಿಗ್ಗೆಯೇ ಹೊದಿಕೆ ಎಳೆದರು.

“ಏಳೋ! ಹೆಣ್ಣು ನೋಡಕ್ಕೆ ಹೋಗ್ಬೇಕು. ಅನಂತಪದ್ಮನಾಭ ಮೇಷ್ಟ್ರ ಮಗಳು, ಗಾರ್ಗಿ.”

ಪಕ್ಕದ ಮನೆಯ ಪ್ರೇಮ್‌ಕುಮಾರ್ ಹಲ್ಲುಜ್ಜುತ್ತಲೇ ಕಾಂಪೌಂಡಿನಾಚೆಯಿಂದ ಇಣುಕಿದರು. “ಕೆಮಿಸ್ಟ್ರಿ ಮೇಷ್ಟ್ರಾ? ಬಂದ ಗಂಡುಗಳಿಗೆಲ್ಲ ಒಂದೇ ಪ್ರಶ್ನೆ ಕಣ್ರೀ, ಗಾಳಿಯ ಸರಾಸರಿ ಅಣುತೂಕ ಎಷ್ಟು ಅಂತ. ಹೋದ್ಸಲದವನು ‘ಗಾಳಿಗೆಲ್ಲಿ ತೂಕ ಸಾರ್’ ಅಂದ್ಬುಟ್ಟ. ಕಾಫಿನೂ ಕೊಡದೆ ಕಳಿಸಿದ್ರಂತೆ.”

“ನೈಟ್ರೋಜನ್ ಇಪ್ಪತ್ತೆಂಟು, ಆಕ್ಸಿಜನ್ ಮೂವತ್ತೆರಡು,” ವಾಗೀಶ ನಿದ್ದೆಗಣ್ಣಲ್ಲೇ ಗೊಣಗಿದ. “ನಾಲ್ಕು ಪಾಲಿಗೆ ಒಂದು ಪಾಲು. ಚೂರುಪಾರು ಬೇರೆದು ಸೇರಿದ್ರೆ ಇಪ್ಪತ್ತೆಂಟು ಪಾಯಿಂಟ್ ಒಂಬತ್ತು ಏಳು.”

“ಭೇಷ್! ಮದುವೆ ಆದಂಗೇ!”

ವಾಗೀಶನಿಗೆ ಎಚ್ಚರವೇ ಆಗಿಬಿಟ್ಟಿತು. ಮದುವೆಯೆಂದರೆ ಭಾನುವಾರ ಮಾವನ ಮನೆ, ಬೀಗರ ಊಟ, ನಾಮಕರಣ. ನಿದ್ದೆಗೆ ಎಳ್ಳುನೀರು. ತಪ್ಪು ಹೇಳುವುದೊಂದೇ ದಾರಿ. ಆದರೆ ಪೂರಾ ತಪ್ಪಿದರೆ ಲ್ಯಾಬಿನ ಮರ್ಯಾದೆ ಹೋಗುತ್ತದೆ. ಪಾಯಿಂಟಿನಾಚೆ ತುಸು ತಪ್ಪಿದರೆ ಸಾಕು. ಅಷ್ಟಕ್ಕೇ ಸೊನ್ನೆ ಕೊಡುವ ಮೇಷ್ಟ್ರೆಂದು ಊರಿಗೇ ಗೊತ್ತು.

ಮೇಷ್ಟ್ರ ಮನೆ ಸೇರುವಾಗ ಜಿಟಿಜಿಟಿ ಮಳೆ. ಚಾಮುಂಡಿ ಬೆಟ್ಟ ಮೋಡ ಹೊದ್ದು ಮಲಗಿತ್ತು. ವಾಗೀಶನಿಗೆ ಹೊಟ್ಟೆಕಿಚ್ಚಾಯಿತು. ಗಾರ್ಗಿ ಆಕಳಿಕೆ ತಡೆಯುತ್ತ ಚಕ್ಕುಲಿ ತಂದಿಟ್ಟಳು. ಮುರಿಯಹೋದರೆ ಅದು ಹಗ್ಗದಂತೆ ಬಾಗಿತು.

“ಈ ಕೋಣೆಯ ಗಾಳಿಯ ಸರಾಸರಿ ಅಣುತೂಕ ಎಷ್ಟಪ್ಪ?” ಎಂದರು ಮೇಷ್ಟ್ರು.

“ಇಪ್ಪತ್ತೆಂಟು ಪಾಯಿಂಟ್ ಆರು, ಸಾರ್.”

ಅತ್ತೆ ಹಣೆ ಚಚ್ಚಿಕೊಂಡರು. ವಾಗೀಶ ಮನಸ್ಸಿನಲ್ಲಿ ಚಾಪೆ ಬಿಡಿಸಿ, ದಿಂಬು ತಟ್ಟಿ, ಇನ್ನೇನು ಒರಗಬೇಕು, ಅಷ್ಟರಲ್ಲಿ ಮೇಷ್ಟ್ರು ಕುರ್ಚಿಯಿಂದ ನೆಗೆದರು.

“ಬಂದವರೆಲ್ಲ ಒಣ ಗಾಳಿಯ ಲೆಕ್ಕ ಒಪ್ಪಿಸಿ ಹೋದ್ರು! ಇವನೊಬ್ಬ ತೇವ ಸೇರಿಸಿದಾನೆ! ನೀರಿನ ಅಣುತೂಕ ಬರೀ ಹದಿನೆಂಟು. ನೀರಾವಿ ಬೆರೆತ್ರೆ ಸರಾಸರಿ ಇಳೀಲೇಬೇಕು. ಸಾಕ್ಷಿ ಬೇಕಾ?” ಜೋತುಬಿದ್ದ ಚಕ್ಕುಲಿಯನ್ನು ಎತ್ತಿ ಹಿಡಿದರು. “ಅಂಬುಜಮ್ಮ, ಮುಹೂರ್ತ ನೋಡಿಸಿ!”

“ಸಾರ್, ನಾನು ತಪ್ಪು ಹೇಳ್ಬೇಕು ಅಂತ...”

“ವಿನಯ ಬೇರೆ!”

ಆಗ ಗಾರ್ಗಿ ಬಾಯಿಬಿಟ್ಟಳು. “ಅಪ್ಪ, ಅಳಿಯ ಆದ್ರೆ ಲೆಕ್ಕ ತಪ್ಪಿದಾಗ ಬೈಯಕ್ಕಾಗುತ್ತಾ? ಉಪಚಾರ ಮಾಡ್ತಾ ಕೂರ್ಬೇಕು. ಇವರನ್ನ ಶಿಷ್ಯನ್ನಾಗಿ ಮಾಡ್ಕೊಳ್ಳಿ.”

ಮೇಷ್ಟ್ರು ಗಲ್ಲ ಸವರಿಕೊಂಡರು. “ಅದೂ ಸರಿಯೇ. ಅಳಿಯ ಎಲ್ಲಾದ್ರೂ ಸಿಗ್ತಾನೆ. ಮದುವೆ ಮಾತು ಬೇಡ ಬಿಡಿ.”

ಅಬ್ಬ! ಎದೆಯಿಂದ ಬೀಸುವ ಕಲ್ಲು ಇಳಿದಂತಾಯಿತು. ಆ ಚಕ್ಕುಲಿಯೂ ವಾಗೀಶನಿಗೆ ರುಚಿಸಿತು. ಇನ್ನೊಂದು ತೆಗೆದುಕೊಂಡ.

“ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಬಂದ್ಬಿಡು,” ಎಂದರು ಮೇಷ್ಟ್ರು. “ಕೆಮಿಸ್ಟ್ರಿ ಲೆಕ್ಕದ ಪುಸ್ತಕ ಬರೀತಿದೀನಿ. ಸಂಜೆವರೆಗೂ ಕೂರೋಣ.”

ವಾಗೀಶ ಕೈಯಲ್ಲಿದ್ದ ಚಕ್ಕುಲಿಯನ್ನು ತಟ್ಟೆಗೇ ವಾಪಸ್ಸಿಟ್ಟ. ಸಂಬಂಧ ತಪ್ಪಿದ ಸಿಟ್ಟಿನಲ್ಲಿ ಅತ್ತೆಯೇ ಉತ್ತರ ಕೊಟ್ಟರು: “ನಾನೇ ಎಬ್ಬಿಸಿ ಕಳಿಸ್ತೀನಿ, ಮೇಷ್ಟ್ರೇ.”

ಗೇಟಿನವರೆಗೆ ಗಾರ್ಗಿ ಕೊಡೆ ಹಿಡಿದು ಬಂದಳು. “ಥ್ಯಾಂಕ್ಸ್ ರೀ. ಇಷ್ಟು ವರ್ಷ ಭಾನುವಾರ ಆ ಲೆಕ್ಕಕ್ಕೆ ನಾನೇ ಕೂರ್ತಿದ್ದೆ.” ಈಗ ತಡೆಯದೆ, ಬಾಯಿತುಂಬ ಆಕಳಿಸಿದಳು. “ಬಂದಾಗ ಬೆಲ್ ಮಾತ್ರ ಹೊಡೀಬೇಡಿ. ನಾನು ಮಲಗಿರ್ತೀನಿ.”