ಬಿಳಿ ಮುಖದ ಕರು

ಎಡ್ಗರ್ ಪ್ರೋಸರ್ ಬೆಳಗಿನ ಚಹಾ ಅರ್ಧವೂ ಕುಡಿದಿರಲಿಲ್ಲ, ಪಕ್ಕದ ಹೊಲದ ಕ್ಲೆಮ್ ಬೇಲಿ ಹಾರಿಕೊಂಡೇ ಬಂದ.

"ಕೆಟ್ಟೆ ಕಣಯ್ಯಾ! ಮಿಸ್ ಬಫ್ಟನ್ ಹಸು ಕರು ಹಾಕಿದೆ. ಮೈಯೆಲ್ಲ ಕಪ್ಪು, ಮುಖ ಮಾತ್ರ ಬಿಳಿ!"

ಎಡ್ಗರನ ಕೈಯಲ್ಲಿದ್ದ ಬ್ರೆಡ್ಡು ಚಹಾದೊಳಗೆ ಬಿತ್ತು. ಇಂಗ್ಲೆಂಡಿನ ಹೆರೆಫರ್ಡ್ ಸೀಮೆಯಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲಿನ ಕೆಂಪು ಹೋರಿಗಳು ತಲೆತಲಾಂತರದಿಂದ ತಮ್ಮ ಬಿಳಿ ಮುಖವನ್ನು ಮಕ್ಕಳಿಗೆ ಮೊಹರಿನ ಹಾಗೆ ಒತ್ತಿಕೊಂಡು ಬಂದಿವೆ. ತಾಯಿ ಯಾವ ತಳಿಯದಾದರೂ ಅಪ್ಪ ಯಾರೆಂಬುದು ಅಡಗುವುದಿಲ್ಲ. ಮಿಸ್ ಬಫ್ಟನ್ ಸಾಕಿದ್ದು ವೇಲ್ಸಿನ ಅಪ್ಪಟ ಕಪ್ಪು ಹಸುಗಳನ್ನು. ಆಕೆಯ ಬಾಯಿಗೆ ಊರಿನ ಪಾದ್ರಿಯೂ ಹೆದರುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಬೇಲಿ ನುಸುಳಿ ಆಕೆಯ ಹುಲ್ಲುಗಾವಲಿಗೆ ಹೋಗಿದ್ದ ತನ್ನ ಹೋರಿ ಮೇಜರನನ್ನು ಯಾರ ಕಣ್ಣಿಗೂ ಬೀಳದಂತೆ ಕರೆತಂದದ್ದು ಎಡ್ಗರನಿಗೆ ಚೆನ್ನಾಗಿ ನೆನಪಿತ್ತು.

"ಈಗೇನ್ ಮಾಡ್ಲೋ ಕ್ಲೆಮ್?"

"ನನ್ ಹೋರಿ ಮೇಲೆ ಹಾಕ್ಬಿಡು. ಅದಕ್ಕೂ ಬಿಳಿ ಮುಖಾನೇ ತಾನೆ? ಬೈಗಳ ನಾನ್ ತಿಂತೀನಿ. ನಂಗೆ ಒಂದ್ ಕಿವಿ ಹೆಂಗೂ ಕೇಳ್ಸಲ್ಲ."

ಎಡ್ಗರ್ ಮಿಸ್ ಬಫ್ಟನ್ ಮನೆಗೆ ಹೊರಟ. ದಾರಿಯಲ್ಲಿ ಅಂಚೆಯವನು ಸೈಕಲ್ ನಿಲ್ಲಿಸಿದ. "ತಾತ ಆದ್ಯಂತಲ್ಲೋ ಪ್ರೋಸರ್! ಸಿಹಿ ಎಲ್ಲಿ?"

ಮಿಸ್ ಬಫ್ಟನ್ ಕೊಟ್ಟಿಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ದೊಡ್ಡ ಟೋಪಿಯ ಅಪರಿಚಿತ, ಕೈಯಲ್ಲಿ ಪುಸ್ತಕ. ವಕೀಲನನ್ನೇ ಕರೆಸಿದ್ದಾಳಲ್ಲಪ್ಪಾ ಎಂದುಕೊಂಡ ಎಡ್ಗರ್.

"ಎಡ್ಗರ್, ಈ ಕರು ನಿನ್ ಮೇಜರ್‌ದಾ?"

"ಮೇಜರ್‌ದಾ? ಎಲ್ಲಾದ್ರೂ ಉಂಟಾ! ಅವ್ನಿಗೆ ಹುಲ್ಲಿಗೆ ಬಗ್ಗೋಕೇ ಆಗಲ್ಲ. ಎರಡು ವರ್ಷದಿಂದ ಹಸು ಕಂಡ್ರೆ ಮುಖ ತಿರುಗಿಸ್ತಾನೆ. ಕೈಲಾಗದ ಪ್ರಾಣಿ ತಾಯೀ! ಇದು ಕ್ಲೆಮ್ ಹೋರಿ ಕೆಲ್ಸ. ಆಣೆ ಮಾಡ್ತೀನಿ."

ಟೋಪಿಯವನು ನಿಟ್ಟುಸಿರು ಬಿಟ್ಟು ಪುಸ್ತಕದಲ್ಲಿ ಒಂದು ಹೆಸರು ಹೊಡೆದುಹಾಕಿದ, ಇನ್ನೊಂದು ಬರೆದ.

"ಇವರು ಅರ್ಜೆಂಟೀನಾಕ್ಕೆ ಹೋರಿ ಕೊಳ್ಳೋರು," ಎಂದಳು ಮಿಸ್ ಬಫ್ಟನ್. "ಬರೀ ಹುಲ್ಲು ತಿಂದು ಮೈ ತುಂಬೋ ತಳಿ ಬೇಕಂತೆ. ಕರು ನೋಡು, ಹುಟ್ಟಿ ಮೂರು ಗಂಟೆ ಆಗಿಲ್ಲ, ಬೆನ್ನು ಮೇಜಿನ ಹಾಗಿದೆ! ಅಪ್ಪನ್ನೇ ಕೊಂಡ್ಕೊಳ್ತೀನಿ ಅಂದ್ರು. ನಿನ್ ಹೋರಿ ಅಂತ್ಲೇ ಹೇಳಿದ್ದೆ."

"ಅದು... ಒಂದ್ ನಿಮಿಷ... ಬೇಸಿಗೇಲಿ ಒಂದಿನ..."

"ಆಣೆ ಮಾಡಿದ್ಯಲ್ಲೋ!"

ಮಧ್ಯಾಹ್ನದೊಳಗೆ ಕ್ಲೆಮ್‌ನ ಹೋರಿ ಲಾರಿ ಹತ್ತಿ ಬಂದರಿನ ದಾರಿ ಹಿಡಿಯಿತು.

ಸಂಜೆ ಕ್ಲೆಮ್ ಒಂದು ಹೂಜಿ ಸೈಡರ್ ಎಂಬ ಸೇಬಿನ ಹೆಂಡ ತಂದ. ಇಬ್ಬರೂ ಹುಲ್ಲುಗಾವಲಲ್ಲಿ ಕೂತರು. ಮೇಜರ್ ಬಂದು ಎಡ್ಗರನ ಭುಜದ ಮೇಲೆ ಗಲ್ಲ ಊರಿ ಬಿಸಿಯುಸಿರು ಬಿಟ್ಟ. ಅವನ ಗುಂಗುರು ಹಣೆ ತುರಿಸುತ್ತ ಎಡ್ಗರ್ ಅಂದುಕೊಂಡ: ಹೋಗಲಿ, ಅಷ್ಟು ದೂರದಲ್ಲಿ ಇವನಿಗೆ ತುರಿಸೋರು ಯಾರಿದ್ದರು?

"ಒಂದ್ ಮಾತು," ಎಂದ ಕ್ಲೆಮ್. "ನನ್ ಹದಿನೆಂಟು ಹಸುಗೆ ಈಗ ಹೋರಿ ಇಲ್ಲ. ಮೇಜರನ್ನ ಕಳಿಸ್ತೀಯಾ?"

ಎಡ್ಗರನ ಮುಖ ಅರಳಿತು. "ಕಳಿಸೋಣ! ಬಾಡಿಗೆ ಎಷ್ಟು ಕೊಡ್ತೀಯಾ?"

"ಬಾಡಿಗೇನಾ?" ಕ್ಲೆಮ್ ಕಣ್ಣರಳಿಸಿದ. "ಕೈಲಾಗದ ಹೋರಿಗೆ ಯಾರಾದ್ರೂ ಬಾಡಿಗೆ ಕೊಡ್ತಾರೇನಯ್ಯಾ? ಊರಿಗೆಲ್ಲ ಗೊತ್ತು!"

ಎಡ್ಗರನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಕ್ಕು ನಕ್ಕು ಸೈಡರ್ ಮೂಗಿಗೇರಿ ಕೆಮ್ಮಿದ. ಕಣ್ಣೊರೆಸಿಕೊಂಡು ನೋಡಿದರೆ ಭುಜದ ಮೇಲೆ ಗಲ್ಲ ಇರಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಮೇಜರ್ ಕ್ಲೆಮ್‌ನ ಹಸುಗಳ ಕಡೆ ಹೆಜ್ಜೆ ಹಾಕಿದ್ದ.