ಬಿಳಿ ಸೋಮವಾರದ ಕಿತ್ತಳೆ ಶರ್ಟು

ಯಾವ ದಿನ ಯಾವ ಬಣ್ಣದ ಶರ್ಟು ತೊಟ್ಟು ಆಫೀಸಿಗೆ ಹೋಗಬೇಕು ಎಂಬ ವಿಷಯದಲ್ಲಿ ನನಗಿರುವಷ್ಟು ತಿಳಿವಳಿಕೆ ಬೊರಿವಲಿಯಿಂದ ಅಂಧೇರಿಯವರೆಗೆ ಇನ್ನೊಬ್ಬರಿಗಿಲ್ಲ. ಮೀಟಿಂಗಿಗೆ ತಿಳಿನೀಲಿ, ಆಡಿಟಿಗೆ ಬೂದು, ರಜೆ ಕೇಳುವ ದಿನ ಮಾಸಲು ಕಂದು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಈ ಶಾಸ್ತ್ರ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟದ್ದು ಕಪಾಟು!

ನಮ್ಮ ಕಾರ್ಗೋ ಆಫೀಸಿನಲ್ಲಿ ಸೆಕ್ಷನ್ ಹೆಡ್ ಹುದ್ದೆ ಖಾಲಿಯಾಗಿತ್ತು. ಕಳೆದ ಸಲ ಅದು ನನಗೆ ತಪ್ಪಿದ್ದು "ರಾಯರು ಕೆಲಸದಲ್ಲಿ ಚೊಕ್ಕ, ಆದರೆ ಜನರೊಡನೆ ಬೆರೆಯುವುದಿಲ್ಲ" ಎಂಬ ಒಂದೇ ಷರಾದಿಂದ. ಈ ಸಲ ನವರಾತ್ರಿಯ ಮೊದಲ ದಿನ, ಸೋಮವಾರ, ಪುಣೆಯಿಂದ ಜನರಲ್ ಮ್ಯಾನೇಜರ್ ಮೇಡಂ ಬಂದು ಹೆಸರು ಘೋಷಿಸುವವರಿದ್ದರು. ಮುಂಬಯಿಯ ನವರಾತ್ರಿ ಎಂದರೆ ದಿನಕ್ಕೊಂದು ಬಣ್ಣ. ಹೆಂಗಸರೆಲ್ಲ ಆಯಾ ದಿನದ ಬಣ್ಣ ಉಟ್ಟು ಆಫೀಸಿಗೆ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಗಂಡಸರನ್ನೂ ಅದರಲ್ಲಿ ಸೇರಿಸಿ, ಬೆರೆಯುವುದೆಂದರೆ ಹೀಗೆ ಎಂದು ಮೇಡಂಗೆ ಕಣ್ಣಾರೆ ತೋರಿಸಲು ನಿರ್ಧರಿಸಿದೆ.

ಶನಿವಾರ ಬೆಳಿಗ್ಗೆ ಕಪಾಟಿನಿಂದ ಶರ್ಟು ಎಳೆದರೆ ಅಡಿಯಲ್ಲಿ ಹಾಸಿದ್ದ ಮರಾಠಿ ಪೇಪರಿನಲ್ಲಿ ಒಂಬತ್ತು ಬಣ್ಣಗಳ ಪಟ್ಟಿ! ಮೊದಲ ದಿನ: ಕಿತ್ತಳೆ. ದೇವಿಯೇ ಮನೆಗೆ ಬಂದು ಹೇಳಿದ ಹಾಗಾಯಿತು. ಆಫೀಸಿಗೆ ಹೋದವನೇ ಸೆಕ್ಷನ್ನಿನ ಏಳೂ ಗಂಡಸರನ್ನು ಕರೆದು, "ಸೋಮವಾರ ಎಲ್ಲರೂ ಕಿತ್ತಳೆ ಶರ್ಟು" ಎಂದು ಫರ್ಮಾನು ಹೊರಡಿಸಿದೆ.

ವಿಜಯಪುರದ ಕಡೆಯ ಪಾಟೀಲ, ನನಗಿಂತ ಹತ್ತು ವರ್ಷ ಚಿಕ್ಕವನು, ತಲೆ ಕೆರೆದುಕೊಂಡ.

"ರಾಯರ, ಬಣ್ಣ ಖಾತ್ರಿ ಏನ್ರಿ?"

"ಪೇಪರಿನಲ್ಲೇ ಉಂಟು ಮಾರಾಯ!"

ಭಾನುವಾರ ಅವನಿಂದ ನಾಲ್ಕು ಸಲ ಫೋನು ಬಂತು. ರಜೆಯ ದಿನ ಆಫೀಸಿನವರ ಫೋನು ಎತ್ತದಿರುವುದು ನನ್ನ ಸಿದ್ಧಾಂತ. ಎತ್ತಲಿಲ್ಲ.

ನನ್ನ ಹೆಂಡತಿ ಸುಮತಿ ಟೀಚರ್. ಸೋಮವಾರ ನಾನು ಏಳುವ ಮೊದಲೇ ಶಾಲೆಗೆ ಹೊರಟಿದ್ದಳು. ಹೊಸ ಕಿತ್ತಳೆ ಶರ್ಟು ತೊಟ್ಟು ಸ್ಟೇಷನ್ನಿಗೆ ಬಂದರೆ ಲೋಕಲ್ ರೈಲಿನ ಹೆಂಗಸರ ಡಬ್ಬಿಯ ಮುಂದೆ ಬಿಳಿ ಸೀರೆ, ಬಿಳಿ ಕುರ್ತಾ, ಬಿಳಿ ದುಪಟ್ಟಾ. ಅಯ್ಯೋ ಪಾಪ, ಇಷ್ಟೂ ಜನಕ್ಕೆ ಯಾರೋ ತಪ್ಪು ಮಾಹಿತಿ ಕೊಟ್ಟಿದ್ದಾರಲ್ಲ ಎಂದು ಮರುಗಿದೆ. ಮಲಾಡಿನಲ್ಲೂ ಬಿಳಿ. ಗೋರೆಗಾಂವಿನಲ್ಲೂ ಬಿಳಿ. ಇಡೀ ವೆಸ್ಟರ್ನ್ ಲೈನೇ ತಪ್ಪು ಮಾಡಿತ್ತು! ಜೋಗೇಶ್ವರಿ ಬರುವಾಗ ಮಾತ್ರ ಸಣ್ಣ ಅನುಮಾನ ಹುಟ್ಟಿ ಸುಮತಿಗೆ ಫೋನು ಮಾಡಿದೆ.

"ಇವತ್ತಿನ ಬಣ್ಣ ಎಂತದು?"

"ಬಿಳಿ. ಯಾಕೆ?"

"ಪೇಪರಿನಲ್ಲಿ ಕಿತ್ತಳೆ ಅಂತ ಉಂಟಲ್ಲ?"

"ಯಾವ ಪೇಪರಿನಲ್ಲಿ?"

"ನನ್ನ ಕಪಾಟಿನಲ್ಲಿ ಶರ್ಟಿನ ಅಡಿಗೆ ಉಂಟಲ್ಲ, ಅದರಲ್ಲಿ."



"ಅದು ಜಿರಲೆ ಬಾರದ ಹಾಗೆ ನಾನು ಎರಡು ವರ್ಷದ ಹಿಂದೆ ಹಾಸಿದ್ದು ಮಾರಾಯ್ರೆ! ಬಣ್ಣ ವರ್ಷ ವರ್ಷ ಬದಲಾಗ್ತದೆ. ನೀವು ಈಗ ಯಾವ ಶರ್ಟು ಹಾಕಿದ್ದೀರಿ?"

ಸಿಗ್ನಲ್ ಇಲ್ಲವೆಂದು ಹೇಳಿ ಫೋನಿಟ್ಟೆ.

ಆಗಲೂ ಧೈರ್ಯಗೆಡಲಿಲ್ಲ. ಉಳಿದ ಏಳು ಜನವೂ ಕಿತ್ತಳೆಯಲ್ಲಿರುತ್ತಾರಲ್ಲ! ಒಬ್ಬ ತೊಟ್ಟರೆ ತಪ್ಪು, ಎಂಟು ಜನ ತೊಟ್ಟರೆ ಸಮವಸ್ತ್ರ. ಮೇಡಂ ಮುಂದೆ ಹಾಗೆಂದೇ ವಾದಿಸುವುದೆಂದು ನಿಶ್ಚಯಿಸಿ ಆಫೀಸಿನ ಬಾಗಿಲು ತಳ್ಳಿದೆ.

ಏಳೂ ಜನ ಬಿಳಿ!

"ನಿನ್ನೆ ನಾಕ ಸರ್ತಿ ಫೋನ್ ಹಚ್ಚೀನ್ರಿ ರಾಯರ," ಪಾಟೀಲ ಕೈ ಹಿಸುಕಿಕೊಂಡ. "ನಮ್ಮಾಕಿ ಬಿಳಿ ಅಂದ್ಳು. ಎಲ್ಲಾರಿಗೂ ತಿಳಿಸೀನಿ. ನೀವಷ್ಟ ಎತ್ತಲಿಲ್ಲ."

ಮೇಡಂ ಬಂದರು. ಅವರದೂ ಬಿಳಿ ಸೀರೆ. ಫೋಟೋಗೆ ನಾನು ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ನಿಂತೆ. ಫೋಟೋ ತೆಗೆಯುವವನು ಬಿಡಬೇಕಲ್ಲ! "ಆರೆಂಜ್ ವಾಲೇ ಅಂಕಲ್, ಬೀಚ್ ಮೇ ಆಯಿಯೇ. ಫೋಟೋ ಅಚ್ಛಾ ಆಯೇಗಾ!" ಎಂದು ನಟ್ಟನಡುವಿಗೆ ಕರೆದು ಮೇಡಂ ಪಕ್ಕದಲ್ಲೇ ನಿಲ್ಲಿಸಿದ.

ಗಂಡಸರಿಗೂ ಬಣ್ಣ ಹಚ್ಚಿದ್ದು ಯಾರೆಂದು ಮೇಡಂ ಕೇಳಿದರು. ಪಾಟೀಲ ಸುಳ್ಳು ಹೇಳುವವನಲ್ಲ. ಯೋಚನೆ ರಾಯರದು ಎಂದು ಶುರುಮಾಡಿ, ಭಾನುವಾರದ ಫೋನುಗಳವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟ. ಮೇಡಂ ನನ್ನ ಶರ್ಟನ್ನು ನೋಡಿ ನಕ್ಕರು. ರಜೆಯ ದಿನ ಇಷ್ಟು ಮಂದಿಯ ಶರ್ಟು ಬದಲಾಯಿಸಿದವನಿಗೆ ಸೆಕ್ಷನ್ ನಡೆಸುವುದೇನು ಕಷ್ಟ ಎಂದರು. ಹುದ್ದೆ ಪಾಟೀಲನಿಗಾಯಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಚಪ್ಪಾಳೆ ನಾನೇ ಮೊದಲು ತಟ್ಟಿದೆ. ಅವನ ನಾಯಕತ್ವಕ್ಕೆ ಅವಕಾಶ ಒದಗಿಸಿಕೊಟ್ಟವನು ನಾನಲ್ಲವೇ!

ಈಗ ಆ ಫೋಟೋವನ್ನು ದೊಡ್ಡದು ಮಾಡಿಸಿ ರಿಸೆಪ್ಷನ್ನಿನಲ್ಲಿ ತೂಗುಹಾಕಿದ್ದಾರೆ. ಬಿಳಿ ಬಟ್ಟೆಯವರ ನಟ್ಟನಡುವೆ ನಾನೊಬ್ಬನೇ ಕಿತ್ತಳೆ. ಮೊನ್ನೆ ಕುರ್ಲಾದಿಂದ ಬಂದ ನಮ್ಮೂರ ಕಡೆಯ ಗಿರಾಕಿಯೊಬ್ಬರು ಅದನ್ನು ನೋಡಿ ನನ್ನ ಕೈ ಕುಲುಕಿದರು.

"ಸೆಂಡ್‌ಆಫ್ ಭಾರೀ ಗಮ್ಮತ್ತಿನಲ್ಲಿ ಮಾಡಿದ್ದಾರೆ ರಾಯರೇ! ರಿಟೈರ್ ಆದ ಮೇಲೂ ದಿನಾ ಬರ್ತೀರಾ?"

ಸರ್ವಿಸ್ ಇನ್ನೂ ಹತ್ತು ವರ್ಷ ಬಾಕಿ ಇದೆ ಎನ್ನಲು ನನಗೆ ಬಾಯಿ ಬರಲಿಲ್ಲ.

"ಅಭ್ಯಾಸ ಮಾರಾಯ್ರೆ, ಬಿಡ್ಲಿಕ್ಕೆ ಆಗುವುದಿಲ್ಲ" ಎಂದೆ.